ಮನೆ ಬೀಜ ಅಂತೀರಲ್ಲ, ಅದು ಮನೆಗೆ ಬಂದಿದ್ದು ಎಲ್ಲಿಂದ?

ಪ್ರಶ್ನೆ: ನಮ್ಮದು ತುರುವೇಕೆರೆ ಹತ್ರ ಒಂದು ಹಳ್ಳಿ. ಅಪ್ಪ ಮೂರು ಎಕರೆ ರಾಗಿ, ಒಂದಿಷ್ಟು ತೆಂಗು ನೋಡ್ಕೋತಾರೆ, ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೀನಿ. ದಿನಾ ಬಸ್ಸಲ್ಲಿ ಜಿಕೆವಿಕೆ, ಅದೇ ಬೆಂಗಳೂರು ಕೃಷಿ ಯೂನಿವರ್ಸಿಟಿ ಕ್ಯಾಂಪಸ್ಸು, ಅದರ ಮುಂದೇನೇ ಹೋಗೋದು. ಅಷ್ಟು ದೊಡ್ಡ ಜಾಗ, ಸರ್ಕಾರದ ದುಡ್ಡು, ಪ್ರೊಫೆಸರ್‌ಗಳ ಸಂಬಳ, ಇದರಿಂದ ರಾಜ್ಯಕ್ಕೆ ನಿಜವಾಗ್ಲೂ ಏನು ಲಾಭ ಸರ್? ನಮ್ಮ ಮನೆಗಂತೂ ಅಲ್ಲಿಂದ ಒಂದು ರೂಪಾಯಿ ಬಂದಿಲ್ಲ, ಅಪ್ಪ ಇವತ್ತಿಗೂ ಬಿತ್ತೋದು ಮನೆ ಬೀಜನೇ. ಆ ಜಾಗ ಮಾರಿ ದುಡ್ಡನ್ನ ನೇರವಾಗಿ ರೈತರಿಗೆ ಹಂಚಿದ್ರೆ ಒಳ್ಳೇದಲ್ವಾ?

ಉತ್ತರ:

ಪ್ರಶ್ನೆ ಕೇಳಿದ್ದಕ್ಕೆ ಬೇಜಾರೇನಿಲ್ಲ, ಇದೇ ಮಾತನ್ನ ವಿಧಾನಸೌಧದಲ್ಲಿ ಕೂತಿರೋರ ಬಾಯಲ್ಲೂ ಕೇಳಿದ್ದೀನಿ. ನಾನು ಕೃಷಿ ಅರ್ಥಶಾಸ್ತ್ರ ಓದಿ ಬೀಜದ ಲೆಕ್ಕದಲ್ಲೇ ತಲೆ ಹಣ್ಣು ಮಾಡ್ಕೊಂಡವನು, ಅದಕ್ಕೆ ನಿಮ್ಮ ಪ್ರಶ್ನೆಯಲ್ಲಿ ಒಂದು ಪದದ ಮೇಲೆ ನನ್ನ ಕಣ್ಣು ಬಿತ್ತು. ಮನೆ ಬೀಜ. ಅಲ್ಲಿಂದಲೇ ಶುರು ಮಾಡ್ತೀನಿ.

ನಿಮ್ಮ ಅಪ್ಪ ಬಿತ್ತೋದು ಮನೆ ಬೀಜ ಅನ್ನೋದು ಸರಿ, ಹೋದ ವರ್ಷದ ಕಣದಿಂದ ಎತ್ತಿಟ್ಟಿದ್ದು. ಅದಕ್ಕೂ ಹಿಂದಿನ ವರ್ಷದ್ದೂ ಹಂಗೇ. ಆದ್ರೆ ಹಿಂದೆ ಹಿಂದೆ ಹೋಗ್ತಾ ಹೋದ್ರೆ ಎಲ್ಲೋ ಒಂದು ಕಡೆ ಆ ಬೀಜ ಯಾರದೋ ಚೀಲದಿಂದ ಬಂದಿರಬೇಕು, ಸೊಸೈಟಿಯಿಂದಲೋ, ಪಕ್ಕದ ಊರಿನ ಬೀಗರ ಮನೆಯಿಂದಲೋ. ತುಮಕೂರು, ಹಾಸನ, ರಾಮನಗರ, ಕೋಲಾರ ಈ ಭಾಗದಲ್ಲಿ ಈಗ ಹೊಲದಲ್ಲಿರೋ ರಾಗಿ ಬಹುಪಾಲು ಜಿಪಿಯು 28, ಎಂಆರ್ 1, ಎಂಆರ್ 6, ಎಂಎಲ್ 365 ಇಂಥ ತಳಿಗಳು. ಇವೆಲ್ಲ ಬಂದಿದ್ದು ನೀವು ಬಸ್ಸಲ್ಲಿ ನೋಡ್ತೀರಲ್ಲ ಆ ಯೂನಿವರ್ಸಿಟಿಯಿಂದ, ಇಲ್ಲಾ ಅದಕ್ಕೇ ಸೇರಿದ್ದ ಮಂಡ್ಯದ ವಿ.ಸಿ. ಫಾರಂ ಅನ್ನೋ ಸಂಶೋಧನಾ ಕೇಂದ್ರದಿಂದ. ಹತ್ತು ವರ್ಷ ಅಟ್ಟದ ಮೇಲಿದ್ರೆ ಸಾಕು, ಯೂನಿವರ್ಸಿಟಿ ಹೆಸರು ಹೋಗಿ "ನಮ್ಮ ಮನೆ ರಾಗಿ" ಆಗ್ಬಿಡುತ್ತೆ. ಲಾಭ ಬಂದಿಲ್ಲ ಅಂತ ಅನ್ಸೋದು ಅದಕ್ಕೇ, ಬಂದಿದ್ದು ಯಾರ ಹೆಸರಲ್ಲೂ ಇಲ್ಲ.

ಆ ರಾಗಿ ಕಥೆ ಸ್ವಲ್ಪ ಹೇಳ್ಬೇಕು. ಲಕ್ಷ್ಮಣಯ್ಯ ಅಂತ ಒಬ್ರಿದ್ರು, ಸಿ.ಎಚ್. ಲಕ್ಷ್ಮಣಯ್ಯ, ಮಂಡ್ಯ ಕಡೆ ಹಳಬರನ್ನ ಕೇಳಿ, ರಾಗಿ ಲಕ್ಷ್ಮಣಯ್ಯ ಅಂತಾರೆ, ಇನ್ನು ಕೆಲವರು ರಾಗಿ ಬ್ರಹ್ಮ ಅಂತಾರೆ. ವಿ.ಸಿ. ಫಾರಂನಲ್ಲಿ ಕೂತು ಜೀವಮಾನ ಪೂರ್ತಿ ರಾಗಿ ಮಾಡಿದ ಮನುಷ್ಯ. ನಮ್ಮ ರಾಗಿ ಬೇಗ ಬರುತ್ತೆ, ನಮ್ಮ ಮಳೆಗೆ ಹೊಂದ್ಕೊಂಡಿದೆ, ಆದ್ರೆ ತೆನೆ ಸಣ್ಣದು. ಆಫ್ರಿಕಾದ ರಾಗಿಗೆ ದಪ್ಪ ಕಡ್ಡಿ, ತೂಕದ ತೆನೆ, ಆದ್ರೆ ನಮ್ಮ ಹವಾಕ್ಕೆ ಸರಿಬರಲ್ಲ. ಎರಡನ್ನೂ ಕೂಡಿಸಿದ್ರೆ? ಹೇಳೋದು ಸುಲಭ. ರಾಗಿ ಹೂವು ನೀವು ಹತ್ತಿರದಿಂದ ನೋಡಿದ್ದೀರಾ? ಕಣ್ಣಿಗೆ ಕಾಣೋದೇ ಕಷ್ಟ, ಅಷ್ಟು ಸಣ್ಣದು, ಅದು ಬಾಯಿ ಬಿಡೋದರೊಳಗೆ ತನ್ನೊಳಗೇ ಪರಾಗ ಬಿದ್ದು ಕೆಲಸ ಮುಗಿದುಹೋಗಿರುತ್ತೆ. ಹತ್ತಿ ಹೂವಿನ ಥರ ಕೈಯಲ್ಲಿ ಬಿಡಿಸಿ ಕ್ರಾಸ್ ಮಾಡಕ್ಕಾಗಲ್ಲ. ಅದಕ್ಕೆ ರಾಗಿ ತಳಿ ಮಾಡೋರು ಎರಡು ಜಾತಿ ತೆನೇನ ಒಟ್ಟಿಗೆ ಒತ್ತಿ ಕಟ್ಟಿ ಒಂದೇ ಕವರ್ ಹಾಕ್ತಾರೆ, ಎಲ್ಲೋ ಒಂದೆರಡು ಕಾಳಲ್ಲಿ ಬೆರಕೆ ಆದ್ರೆ ಆಯ್ತು, ಆಮೇಲೆ ಆ ಕಾಳೆಲ್ಲ ಮೊಳಕೆ ಬರಿಸಿ ಸಾಲುಸಾಲು ಸಸಿಗಳ ಮಧ್ಯೆ ನಿಜವಾದ ಬೆರಕೆ ಸಸಿ ಯಾವುದು ಅಂತ ಬಗ್ಗಿ ಬಗ್ಗಿ ಹುಡುಕ್ಬೇಕು. ಸಿಕ್ಕಿದ ಮೇಲೂ ಏಳೆಂಟು ತಲೆಮಾರು ಬೆಳೆದು ಆರಿಸಿದ್ರೇನೇ ಅದು ಒಂದು ತಳಿ ಅನ್ನಿಸಿಕೊಳ್ಳೋದು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಸೇರಿಸಿ ಅವರು ಇಟ್ಟ ಹೆಸರು ಇಂಡಾಫ್. ಇಂಡಾಫ್ 1, 5, 9 ಹಿಂಗೆ ಬರ್ತಾ ಹೋದ್ವು. ರಾಗಿ ಮೂಲತಃ ಆಫ್ರಿಕಾದ್ದೇ, ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದು, ಹಾಗಾಗಿ ಇದನ್ನ ತವರುಮನೆ ಸಂಬಂಧ ಮತ್ತೆ ಬೆಳೆಸಿದ ಹಾಗೆ ಅಂತ ನಾನು ತಮಾಷೆ ಮಾಡ್ತಿರ್ತೀನಿ.

ಇಂಡಾಫ್ ಬಂದು ಎಲ್ಲ ಸುಖವಾಗಿತ್ತು ಅಂತ ತಿಳ್ಕೋಬೇಡಿ. ಬೆಂಕಿ ರೋಗ ಗೊತ್ತಲ್ಲ, ಕುತ್ತಿಗೆಗೆ ಬಂದ್ರೆ ತೆನೆ ನಿಂತಲ್ಲೇ ಜೊಳ್ಳಾಗುತ್ತೆ, ಇಲುಕಿಗೆ, ಅಂದ್ರೆ ತೆನೆಯ ಬೆರಳಿಗೆ ಬಂದ್ರೆ ಒಂದೊಂದೇ ಇಲುಕು ಸುಟ್ಟ ಹಾಗೆ ಒಣಗುತ್ತೆ. ಅದಕ್ಕೆ ತಡಕೊಳ್ಳೋ ರಾಗಿ ಬೇಕಾಯ್ತು, 90ರ ದಶಕದಲ್ಲಿ ಜಿಪಿಯು 28 ಬಂತು. ಅದರ ವಂಶ ಬಿಡಿಸಿ ನೋಡಿದ್ರೆ ಇಂಡಾಫ್ 5 ಇದೆ, ಇಂಡಾಫ್ 9 ಇದೆ, ಅಂದ್ರೆ ಲಕ್ಷ್ಮಣಯ್ಯನವರ ರಾಗಿಯ ಮಕ್ಕಳು ಮೊಮ್ಮಕ್ಕಳೇ. ಅವರು 1993ರಲ್ಲಿ ತೀರ್ಕೊಂಡ್ರು, ಅವರ ರಾಗಿ ನಿಮ್ಮ ಅಟ್ಟದ ಮೇಲೆ ಇರೋ ಸಾಧ್ಯತೆ ಇವತ್ತಿಗೂ ಜಾಸ್ತಿನೇ.

ಈಗ ದುಡ್ಡಿನ ಮಾತು. ಇದನ್ನ ಸರ್ಕಾರನೇ ಯಾಕೆ ಮಾಡ್ಬೇಕು, ಕಂಪನಿಗಳು ಮಾಡಲ್ವಾ ಅಂತ ಕೇಳ್ತಾರೆ. ರಾಗೀಲಿ ಮಾಡಲ್ಲ ಸ್ವಾಮಿ, ಮಾಡಿದ್ರೆ ಅವರಿಗೆ ಲಾಸು. ಮೆಕ್ಕೆಜೋಳದ ಹೈಬ್ರಿಡ್ ಬೀಜ ಪ್ರತಿ ವರ್ಷ ಅಂಗಡಿಯಿಂದ ತರಲೇಬೇಕು, ಬೆಳೆದಿದ್ದನ್ನೇ ಮತ್ತೆ ಬಿತ್ತಿದ್ರೆ ಒಂದು ಗಿಡ ಎತ್ತರ ಒಂದು ಗಿಡ ಗಿಡ್ಡ ಆಗುತ್ತೆ, ಹಾಗಾಗಿ ಅಲ್ಲಿ ಕಂಪನಿಗೆ ವರ್ಷಾವರ್ಷ ಗಿರಾಕಿ ಇದ್ದಾನೆ. ರಾಗಿ ತನ್ನಷ್ಟಕ್ಕೆ ತಾನೇ ಪರಾಗ ಕಟ್ಟೋ ಬೆಳೆ, ಒಂದು ಸಲ ನಿಮ್ಮಪ್ಪಂಗೆ ಐದು ಕೆಜಿ ಮಾರಿದ್ರೆ ಮುಗೀತು, ಅವರು ಹತ್ತು ವರ್ಷ ಬಿತ್ತಬಹುದು, ಬೀಗರಿಗೂ ಕೊಡಬಹುದು. ಇಂಥ ಗಿರಾಕಿ ನಂಬ್ಕೊಂಡು ಯಾವ ಕಂಪನಿ ಹದಿನೈದು ವರ್ಷ ಸಂಶೋಧನೆಗೆ ದುಡ್ಡು ಸುರಿಯುತ್ತೆ ಹೇಳಿ? ದೇಶದ ರಾಗೀಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯೋದು ಕರ್ನಾಟಕ. ನಾವು ಮಾಡದೆ ಹೋದ್ರೆ ಇನ್ಯಾರೂ ಮಾಡಲ್ಲ.

ಬೀಜ ಹೆಂಗೆ ಹರಡುತ್ತೆ ಅನ್ನೋದರ ಲೆಕ್ಕ ನೋಡಿ, ನನಗೆ ಇದು ಯಾವಾಗ್ಲೂ ಖುಷಿ ಕೊಡೋ ಲೆಕ್ಕ. ತಳಿ ಮಾಡಿದ ವಿಜ್ಞಾನಿ ಕೈಯಿಂದ ಬರೋದು ಬ್ರೀಡರ್ ಬೀಜ, ಚೀಲಕ್ಕೆ ಹಳದಿ ಚೀಟಿ. ಅದನ್ನ ಬೆಳೆಸಿದ್ರೆ ಫೌಂಡೇಶನ್ ಬೀಜ, ಬಿಳಿ ಚೀಟಿ. ಅದನ್ನ ಮತ್ತೆ ರೈತರ ಹೊಲದಲ್ಲಿ ಬೆಳೆಸಿದ್ರೆ ಸರ್ಟಿಫೈಡ್ ಬೀಜ, ನೀಲಿ ಚೀಟಿ, ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಸಿಗೋದು ಇದೇ. ಎಕರೆಗೆ ಐದು ಕೆಜಿ ಬಿತ್ತನೆ, ಹತ್ತು ಕ್ವಿಂಟಲ್ ಇಳುವರಿ ಅಂತ ಇಟ್ಕೊಳ್ಳಿ. ಐದು ಕೆಜಿ ಹಳದಿ ಚೀಟಿ ಬೀಜ ಒಂದು ಎಕರೇಲಿ ಸಾವಿರ ಕೆಜಿ ಆಯ್ತು, ಸಾವಿರ ಕೆಜಿ ಮುಂದಿನ ವರ್ಷ ಇನ್ನೂರು ಎಕರೆಗೆ ಬಂತು, ಅದರಿಂದ ಬಂದಿದ್ದು 2,000 ಕ್ವಿಂಟಲ್, ಅಂದ್ರೆ ಮೂರನೇ ವರ್ಷಕ್ಕೆ 40,000 ಎಕರೆಗೆ ಸಾಕು. ಒಂದು ಸಣ್ಣ ಕೈಚೀಲದ ಬೀಜ ಸ್ವಾಮಿ, ಮೂರನೇ ವರ್ಷಕ್ಕೆ ಒಂದು ತಾಲೂಕು ತುಂಬುತ್ತೆ. ಆ ಕೈಚೀಲ ಮಾರಿದ್ದಕ್ಕೆ ಯೂನಿವರ್ಸಿಟಿ ಖಾತೆಗೆ ಬಂದಿದ್ದು ಚಿಲ್ಲರೆ ಕಾಸು. ಬಜೆಟ್ ಪುಸ್ತಕ ನೋಡೋರಿಗೆ ಆ ಚಿಲ್ಲರೆ ಕಾಣುತ್ತೆ, 40,000 ಎಕರೆ ಕಾಣಲ್ಲ.

ರಾಜ್ಯದಲ್ಲಿ ರಾಗಿ ವರ್ಷ ನೋಡ್ಕೊಂಡು ಸುಮಾರು ಆರೇಳು ಲಕ್ಷ ಹೆಕ್ಟೇರ್ ಇರುತ್ತೆ, ಹೆಚ್ಚುಕಮ್ಮಿ 15 ಲಕ್ಷ ಎಕರೆ ಅನ್ನಿ. ಒಳ್ಳೆ ತಳಿಯಿಂದ ಎಕರೆಗೆ ಒಂದೇ ಒಂದು ಕ್ವಿಂಟಲ್ ಜಾಸ್ತಿ ಬಂತು ಅಂದ್ಕೊಳ್ಳಿ, 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು, ಗುಣಿಸಿ ನೋಡಿ, 640 ಕೋಟಿ ದಾಟುತ್ತೆ, ಅದೂ ಪ್ರತಿ ವರ್ಷ. ಇದು ನಾನು ಪೆನ್ನು ಹಿಡಿದು ಹಾಕಿದ ಅಂದಾಜು ಅಷ್ಟೇ, ಯಾವುದೋ ವರದಿಯ ಅಂಕಿ ಅಂತ ಎಲ್ಲೂ ಹೇಳಬೇಡಿ. ಇನ್ನೊಂದು, ಆ ಒಂದು ಕ್ವಿಂಟಲ್ ಪೂರ್ತಿ ತಳಿದೇ ಪುಣ್ಯ ಅಂತಾನೂ ಅಲ್ಲ, ಗೊಬ್ಬರ, ಮಳೆ, ನಿಮ್ಮಪ್ಪ ಹೊತ್ತಿಗೆ ಸರಿಯಾಗಿ ಕುಂಟೆ ಹೊಡೆದಿದ್ದು ಎಲ್ಲ ಸೇರುತ್ತೆ. ನಮ್ಮ ಕಡೆಯವರು ಕೆಲವರು ರಿಪೋರ್ಟ್ ಬರೆಯುವಾಗ ಇಡೀ ಕ್ರೆಡಿಟ್ಟು ತಾವೇ ತಗೊಂಡುಬಿಡ್ತಾರೆ, ಅದು ನನಗೂ ಸರಿ ಕಾಣಲ್ಲ.

ಇಲ್ಲೇ ಒಂದು ಇಕ್ಕಟ್ಟು ಕೂಡ ಇದೆ. ಎಲ್ಲರಿಗೂ ಇಳುವರಿ ಜಾಸ್ತಿ ಆದ್ರೆ ಮಾರ್ಕೆಟ್‌ನಲ್ಲಿ ಬೆಲೆ ಬೀಳುತ್ತೆ. ಆಗ ಲಾಭ ರೈತನ ಜೇಬಿಂದ ಜಾರಿ ಬೆಂಗಳೂರಲ್ಲಿ ಮುದ್ದೆ ತಿನ್ನೋರ ಜೇಬಿಗೆ ಬರುತ್ತೆ, ಅಂದ್ರೆ ನಿಮ್ಮ ಜೇಬಿಗೂ. ರಾಜ್ಯದ ಲೆಕ್ಕದಲ್ಲಿ ಅದೂ ಲಾಭನೇ, ಆದ್ರೆ ಬೆಳೆದವನಿಗೆ ಹಂಗೆ ಅನ್ಸಲ್ಲ. ಅದಕ್ಕೇ ಸಂಶೋಧನೆ ಒಂದೇ ಸಾಲಲ್ಲ, ಬೆಂಬಲ ಬೆಲೆ ಖರೀದಿ ಸರಿಯಾಗಿ ನಡೀಬೇಕು. ಖರೀದಿ ಮಾಡಿದ ರಾಗಿ ರೇಷನ್ನಿಗೆ ಹೋಗುತ್ತಲ್ಲ, ಆ ಸರಪಳಿ ಗಟ್ಟಿಯಿದ್ದಷ್ಟೂ ತಳಿಯ ಲಾಭ ಹಳ್ಳೀಲಿ ಉಳಿಯುತ್ತೆ.

ರಾಗಿ ಬಿಟ್ಟು ಉತ್ತರ ಕರ್ನಾಟಕಕ್ಕೆ ಬನ್ನಿ, ಅಲ್ಲಿನ ಕಥೆ ಬೇರೆ ಥರ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಅಂತ ಹತ್ತಿ ಹೈಬ್ರಿಡ್ ಕೊಟ್ರು, ಆಗ ಧಾರವಾಡ ಬೆಂಗಳೂರು ಕೃಷಿ ಯೂನಿವರ್ಸಿಟಿ ಕೈಕೆಳಗೇ ಇತ್ತು, ಬೇರೆ ಆಗಿದ್ದು 1986ರಲ್ಲಿ. ಎರಡು ಬೇರೆ ಬೇರೆ ಜಾತಿ ಹತ್ತಿ ಕೂಡಿಸಿದ ಹೈಬ್ರಿಡ್ಡು, ಎಳೆ ಉದ್ದ, ನೂಲು ನಯ, ಅಲ್ಲಿವರೆಗೆ ಇಂಥ ಹತ್ತಿಗೆ ನಾವು ಈಜಿಪ್ಟ್, ಸುಡಾನ್ ಕಡೆ ನೋಡ್ಬೇಕಿತ್ತು. ಆಮೇಲೆ 1981ರಲ್ಲಿ ಡಿಸಿಎಚ್ 32 ಬಂತು, ಜಯಲಕ್ಷ್ಮಿ ಅಂತಾರೆ. ಜನ ಹತ್ತಿ ಬೆಳೆದು ದುಡ್ಡು ಮಾಡಿದ್ದು ಗೊತ್ತಿರೋ ವಿಷಯ, ನನಗೆ ಅದಕ್ಕಿಂತ ಆಶ್ಚರ್ಯ ಅನ್ಸೋದು ಬೀಜದ ಹೊಲ. ಹೈಬ್ರಿಡ್ ಬೀಜ ಮಾಡ್ಬೇಕಂದ್ರೆ ಮಧ್ಯಾಹ್ನದ ಮೇಲೆ ಹೆಂಗಸರು ಸಾಲಿನಲ್ಲಿ ನಿಂತು, ನಾಳೆ ಅರಳೋ ಮೊಗ್ಗು ಯಾವುದು ಅಂತ ನೋಡಿ, ಹೆಬ್ಬೆರಳ ಉಗುರಲ್ಲಿ ಬುಡದ ಸುತ್ತ ಗೀರಿ, ದಳದ ಜೊತೆ ಕೇಸರ ಪೂರ್ತಿ ಕಳಚಿ ತೆಗೀತಾರೆ, ನಡುವಿನ ಕಡ್ಡಿಗೆ ಒಂಚೂರೂ ಗಾಯ ಆಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ಕಿತ್ತು ತಂದು ಆ ಕಡ್ಡಿ ತುದಿಗೆ ಸವರ್ತಾರೆ. ದಿನಾ ಸಾವಿರಾರು ಹೂವು, ಹೀಗೇ ವಾರಗಟ್ಟಲೆ. ಯಂತ್ರ ಮಾಡೋ ಕೆಲಸ ಅಲ್ಲ ಅದು. ರಾಣೆಬೆನ್ನೂರು, ಹಾವೇರಿ ಸುತ್ತಮುತ್ತ ಈ ಕೈಚಳಕ ಊರೂರಿಗೆ ಬಂತು, ಹತ್ತಿಯಿಂದ ಶುರುವಾಗಿ ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ ಬೀಜಕ್ಕೂ ಹಬ್ಬಿತು, ಇವತ್ತು ದೊಡ್ಡ ದೊಡ್ಡ ಬೀಜ ಕಂಪನಿಗಳು ರಾಣೆಬೆನ್ನೂರಿಗೆ ಹುಡುಕ್ಕೊಂಡು ಬರ್ತವೆ. ಇದರಲ್ಲಿ ಯೂನಿವರ್ಸಿಟಿ ಪಾಲೆಷ್ಟು, ಆ ಹೆಣ್ಣುಮಕ್ಕಳ ಬೆರಳಿನ ಪಾಲೆಷ್ಟು ಅಂತ ಬಿಡಿಸಿ ಹೇಳಕ್ಕಾಗಲ್ಲ. ಬಿಟಿ ಹತ್ತಿ 2002ರಲ್ಲಿ ಬಂದ ಮೇಲೆ ಹತ್ತಿ ಬೀಜದ ಮಾರ್ಕೆಟ್ ಬಹುತೇಕ ಕಂಪನಿಗಳ ಕೈಗೆ ಹೋಯ್ತು, ಸರ್ಕಾರಿ ಹೈಬ್ರಿಡ್‌ಗಳು ಮೂಲೆ ಸೇರಿದ್ವು, ಅದನ್ನೂ ಒಪ್ಕೋಬೇಕು.

ಕಲಬುರಗಿ ಕಡೆ ತೊಗರಿಗೆ ಟಿಎಸ್ 3ಆರ್ ತಳಿ, ಹೂವು ಉದುರದ ಹಾಗೆ ಸಿಂಪಡಿಸೋ ಪಲ್ಸ್ ಮ್ಯಾಜಿಕ್, ಧಾರವಾಡದ ತುಕ್ಕು ರೋಗ ತಡೆಯೋ ಸೋಯಾಬೀನ್, ಗಂಗಾವತಿ ಸೋನಾ ಭತ್ತ, ಹಿಂಗೆ ಹೇಳ್ತಾ ಹೋದ್ರೆ ಮುಗಿಯಲ್ಲ. ಒಂದು ಮಾತ್ರ ಹೇಳ್ಲೇಬೇಕು, ಅವರೆಕಾಯಿ. ನಮ್ಮ ಹಳೇ ಅವರೆ ಹಗಲು ಚಿಕ್ಕದಾಗಿ ಚಳಿ ಬಿದ್ರೇನೇ ಹೂ ಬಿಡೋದು, ನೀವು ಜೂನ್‌ನಲ್ಲಿ ಬಿತ್ತಿ ಜುಲೈನಲ್ಲಿ ಬಿತ್ತಿ, ಕಾಯಿ ಬರೋದು ಆ ಕಾಲಕ್ಕೇ. ಅದೇ ಬೆಂಗಳೂರು ಕೃಷಿ ಯೂನಿವರ್ಸಿಟಿಯ ಹೆಬ್ಬಾಳ ಕೇಂದ್ರದಲ್ಲಿ ಹಗಲಿನ ಉದ್ದ ಲೆಕ್ಕಕ್ಕೇ ತಗೊಳ್ಳದ ಅವರೆ ಮಾಡಿದ್ರು, ಎಚ್‌ಎ 3, ಎಚ್‌ಎ 4, ಹೆಬ್ಬಾಳ ಅವರೆ ಅಂತಾನೇ ಹೆಸರು. ಈಗ ಏಪ್ರಿಲ್‌ನಲ್ಲೂ ಗಾಡೀಲಿ ಅವರೆಕಾಯಿ ಕಾಣುತ್ತಲ್ಲ, ಅದು ಇದರ ಪ್ರಭಾವ. ಸೊಗಡಿಲ್ಲ ಅಂತ ನಮ್ಮ ಮನೆಯವರು ಮೂಗು ಮುರೀತಾರೆ, ನಾನೂ ಒಳಗೊಳಗೇ ಒಪ್ತೀನಿ, ಆದ್ರೆ ಕಾಲ ಅಲ್ಲದ ಕಾಲದಲ್ಲಿ ಬೆಳೆದವನಿಗೆ ಸಿಗೋ ರೇಟು ಬೇರೆನೇ.

ಇನ್ನು ಜಾಗ ಮಾರೋ ವಿಷಯ. ಜಿಕೆವಿಕೆ ಸುಮಾರು 1,300 ಎಕರೆ ಇದೆ, ಬೆಂಗಳೂರು ರೇಟಿಗೆ ಲೆಕ್ಕ ಹಾಕಿದ್ರೆ ಯಾರಿಗಾದ್ರೂ ತಲೆ ತಿರುಗುತ್ತೆ. ಆದ್ರೆ ಅಲ್ಲಿ ಕೆಲವು ಪಟ್ಟಿಗಳಿವೆ, ನೋಡಕ್ಕೆ ಏನೂ ಅಲ್ಲ, ನಿಮ್ಮ ಹೊಲದ ಥರನೇ ಕೆಂಪು ಮಣ್ಣು, ಮೂಲೇಲಿ ಒಂದು ಬೋರ್ಡು. ನಲವತ್ತು ವರ್ಷಕ್ಕೂ ಮೇಲಿಂದ ಅದೇ ಜಾಗದಲ್ಲಿ ಮಳೆ ಆಶ್ರಯದಲ್ಲಿ ರಾಗಿ ಬಿತ್ತಾ ಇದ್ದಾರೆ, ಒಂದು ಪಟ್ಟಿಗೆ ಏನೂ ಹಾಕಲ್ಲ, ಒಂದಕ್ಕೆ ಬರೀ ರಾಸಾಯನಿಕ ಗೊಬ್ಬರ, ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಎರಡೂ. ಮೊದಲ ಕೆಲವು ವರ್ಷ ರಾಸಾಯನಿಕ ಗೊಬ್ಬರದ ಪಟ್ಟಿ ಚೆನ್ನಾಗೇ ಬಂತು, ಆಮೇಲೆ ಇಳೀತಾ ಹೋಯ್ತು. ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿದ ಪಟ್ಟಿ ನಿಂತ್ಕೊಂಡಿದೆ. ಇದನ್ನ ಐದು ವರ್ಷದ ಪ್ರಾಜೆಕ್ಟಲ್ಲಿ ಕಂಡುಹಿಡಿಯಕ್ಕಾಗಲ್ಲ, ಮಣ್ಣನ್ನ ಲಾರೀಲಿ ತುಂಬ್ಕೊಂಡು ಬೇರೆ ಕಡೆ ಹಾಕಿ ಮುಂದುವರಿಸಕ್ಕೂ ಆಗಲ್ಲ. ಮಾರಿದ್ರೆ ಆ ನಲವತ್ತು ವರ್ಷನೂ ಅಪಾರ್ಟ್‌ಮೆಂಟ್ ಪಾಯದ ಕೆಳಗೆ ಹೋಯ್ತು. ಮಾರಿದ ದುಡ್ಡು ಹಂಚಿದ್ರೆ ನಿಮ್ಮಪ್ಪಂಗೆ ಒಂದು ಸಲ ಒಂದಿಷ್ಟು ಸಾವಿರ ಬರುತ್ತೆ, ಮಗಳ ಮದುವೆಗೋ ಬೋರಿಗೋ ಅದು ಒಂದೇ ವರ್ಷದಲ್ಲಿ ಖಾಲಿ, ಆಮೇಲೆ ಬೆಂಕಿ ರೋಗ ಹೊಸ ರೂಪದಲ್ಲಿ ಬಂದ್ರೆ ಯಾರನ್ನ ಕೇಳ್ತೀರಿ?

ರೋಗದ ಮಾತು ಬಂತಲ್ಲ, ಈ ಲೆಕ್ಕ ಜನಕ್ಕೆ ಅರ್ಥ ಮಾಡ್ಸೋದೇ ಕಷ್ಟ. ಸಂಶೋಧನೆಯ ಅರ್ಧ ಕೆಲಸ ಇಳುವರಿ ಏರಿಸೋದಲ್ಲ, ಇರೋದನ್ನ ಬೀಳದಂಗೆ ಹಿಡ್ಕೊಳ್ಳೋದು. ಯೂನಿವರ್ಸಿಟಿ ಹುಟ್ಟೋಕೂ ಮುಂಚಿನ ಉದಾಹರಣೆ ಹೇಳ್ತೀನಿ. 1899ರಲ್ಲಿ ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಪ್ರಯೋಗಕ್ಕೆ 30 ಎಕರೆ ಕೊಟ್ರು, ಲೆಹ್ಮನ್ ಅನ್ನೋ ಜರ್ಮನ್ ವಿಜ್ಞಾನಿ ಬಂದು ಮಣ್ಣು ಗೊಬ್ಬರ ಪರೀಕ್ಷೆ ಶುರು ಮಾಡಿದ್ರು, ಈ ಇಡೀ ಮರದ ಬೇರು ಅದು. ಆಮೇಲೆ 1908ರಲ್ಲಿ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಂದ್ರು. ಮಲೆನಾಡಲ್ಲಿ ಅಡಿಕೆಗೆ ಕೊಳೆರೋಗ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರಿ ತೋಟಗಳೇ ಬರಿದಾಗ್ತಿದ್ವು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನ ಫ್ರಾನ್ಸಲ್ಲಿ ದ್ರಾಕ್ಷಿಗೆ ಹೊಡೀತಿದ್ರು, ಅದನ್ನ ಅಡಿಕೆ ಗೊನೆಗೆ ಮಳೆಗೂ ಮುಂಚೆ ಹೊಡೆದು ತೋರಿಸಿದ್ದು ಅವರು. ಇವತ್ತಿಗೂ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಶುರುವಾಗೋ ಹೊತ್ತಿಗೆ ಔಷಧಿ ಹೊಡೆಯೋದು ಅಂದ್ರೆ ಅದೇ. ನೂರು ವರ್ಷ ದಾಟ್ತು. ಉದುರದೇ ಉಳಿದ ಅಡಿಕೆಗೆ ಯಾವ ಜಿಡಿಪೀಲಿ ಕಾಲಂ ಇದೆ?

1964ರಲ್ಲಿ ಯೂನಿವರ್ಸಿಟಿ ಶುರುವಾದಾಗ ಮಾದರಿ ತಗೊಂಡಿದ್ದು ಅಮೆರಿಕದ್ದು, ಅಲ್ಲಿ 1862ರಲ್ಲಿ ಕಾನೂನು ಮಾಡಿ ರಾಜ್ಯಗಳಿಗೆ ಜಮೀನು ಕೊಟ್ಟು ಕೃಷಿ ಕಾಲೇಜು ಕಟ್ಟಿಸಿದ್ರು. ನಮಗೆ ಕೈ ಹಿಡಿದು ಸಹಾಯ ಮಾಡಿದ್ದು ಟೆನ್ನೆಸ್ಸೀ ಯೂನಿವರ್ಸಿಟಿ. ಪಾಠ, ಸಂಶೋಧನೆ, ರೈತರಿಗೆ ತಲುಪಿಸೋದು ಮೂರೂ ಒಂದೇ ಸೂರಿನ ಕೆಳಗೆ ಅನ್ನೋದು ಅಲ್ಲಿನ ಮೂಲ ಮಂತ್ರ. ಮೊದಲ ಎರಡು ನಮ್ಮಲ್ಲಿ ಪರವಾಗಿಲ್ಲ. ಓದಿದ ಹುಡುಗರು ಕೃಷಿ ಇಲಾಖೆ, ಬ್ಯಾಂಕು, ಬೀಜ ಕಂಪನಿ, ಐಎಎಸ್ಸು ಕೆಎಎಸ್ಸು ಎಲ್ಲ ಕಡೆ ಇದ್ದಾರೆ, ಕೊನೇ ವರ್ಷ ಹಳ್ಳೀಲಿ ತಿಂಗಳುಗಟ್ಟಲೆ ಇದ್ದು ಬರ್ತಾರೆ, ಅದೂ ರಾಜ್ಯಕ್ಕೆ ಲಾಭನೇ. ಮೂರನೇದು ಕುಂಟುತ್ತೆ, ನಿಮ್ಮ ಸಿಟ್ಟು ನ್ಯಾಯ ಅನ್ಸೋದು ಅಲ್ಲಿ. ನನ್ನದೇ ಅನುಭವ ಹೇಳ್ಬೇಕಂದ್ರೆ, ಒಂದು ಸಲ ಹೊಸ ತಳಿ ಬಗ್ಗೆ ಒಂದು ಹೋಬಳೀಲಿ ಭಾಷಣ ಮಾಡಿ ಬಂದೆ, ಚಪ್ಪಾಳೆ ಹೊಡೆದ್ರು, ಸಭೆ ಮುಗಿದ ಮೇಲೆ ಒಬ್ಬ ಯಜಮಾನ್ರು ಪಕ್ಕಕ್ಕೆ ಕರೆದು "ಬೀಜ ಎಲ್ಲಿ ಸಿಗ್ತದೆ ಅದು ಹೇಳಿ ಸಾರ್ ಸಾಕು" ಅಂದ್ರು. ಬೀಜ ಕೇಂದ್ರಕ್ಕೆ ಫೋನ್ ಮಾಡಿದ್ರೆ ಸ್ಟಾಕ್ ಇಲ್ಲ, ಮುಂಗಾರು ಮುಗಿದ ಮೇಲೆ ಬರುತ್ತೆ ಅಂದ್ರು. ನಾಚಿಕೆ ಆಯ್ತು ನನಗೆ. ತಳಿ ಬಿಡುಗಡೆ ಆಗೋದಕ್ಕೂ ರೈತನ ಹೊಲಕ್ಕೆ ಬರೋದಕ್ಕೂ ಮಧ್ಯೆ ಎಷ್ಟೋ ಸಲ ಐದಾರು ವರ್ಷ ಸುಮ್ನೆ ಸೋರಿಹೋಗುತ್ತೆ, ಖಾಲಿ ಹುದ್ದೆ ತುಂಬಲ್ಲ, ಇರೋರಿಗೆ ಪೇಪರ್ ಕೆಲಸ. ಜಾಗ ಮಾರಿ ಅಂತ ಕೇಳೋ ಬದಲು ಇದನ್ನ ಕೇಳಿ, ನಾನೂ ನಿಮ್ಮ ಜೊತೆ ನಿಂತ್ಕೋತೀನಿ.

ನಿಮಗೆ ಹತ್ತಿರ ಆಗೋದು ತಿಪಟೂರು ತಾಲೂಕಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ, ಅದೂ ಬೆಂಗಳೂರು ಕೃಷಿ ವಿವಿಯದ್ದೇ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಅಟ್ಟದ ರಾಗಿ ಒಂದು ಬೊಗಸೆ, ಸಾಧ್ಯ ಆದ್ರೆ ಹೊಲದಿಂದ ಒಂದು ತೆನೇನೂ ತಗೊಂಡು ಹೋಗಿ, ತೆನೆ ನೋಡಿದ್ರೆ ಯಾವ ತಳಿ ಅಂತ ಅವರು ಸುಮಾರಾಗಿ ಹೇಳ್ತಾರೆ. ಹತ್ತು ವರ್ಷಕ್ಕಿಂತ ಹಳೇ ಮನೆ ಬೀಜ ಆಗಿದ್ರೆ ಬೆರಕೆ ಆಗಿರುತ್ತೆ, ನೀಲಿ ಚೀಟಿದು ಒಂದು ಚೀಲ ತಗೊಂಡು ಅರ್ಧ ಎಕರೇಲಿ ಬೇರೆ ಬಿತ್ತಿ ಪಕ್ಕದಲ್ಲೇ ಹೋಲಿಸಿ ನೋಡಿ. ಏನು ಬಂತು ಅಂತ ನನಗೂ ಬರೀರಿ. ಜಿಪಿಯು 28 ಇರಬಹುದು ಅಂತ ನನ್ನ ಊಹೆ, ಅಪ್ಪ ಏನಂತಾರೋ ನೋಡೋಣ.